ಮೂರು ಪಾಲಿನ ವಿದ್ಯಾಸಂಸ್ಥೆ: ಜಮ್‌ಶೆಟ್‌ಜಿ ಟಾಟಾ ಮತ್ತು ಬೆಂಗಳೂರು

ಗಳಿಸಿದ್ದರಲ್ಲಿ ಒಂದು ಭಾಗವನ್ನು ಊರಿಗೆ ಮೀಸಲಿಟ್ಟ ವರ್ತಕರು ನಮ್ಮ ನಾಡಿನಲ್ಲಿ ಹಲವರು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಅಂಥ ಧರ್ಮಕಾರ್ಯಕ್ಕೆ ಒಳ್ಳೆಯ ಉದಾಹರಣೆ. ಒಬ್ಬರು ಮನಸ್ಸು ಮಾಡಿದರು, ಹಣ ಕೊಟ್ಟರು, ಕೆಲಸ ಆಯಿತು. ಆದರೆ ಜಮ್‌ಶೆಟ್‌ಜಿ ಟಾಟಾ ಅವರ ದಾನದ ಕಥೆ ಹೀಗೆ ಸರಳವಾಗಿ ಸಾಗಲಿಲ್ಲ. ಸಂಶೋಧನೆಗೆ ಮೀಸಲಾದ ಒಂದು ವಿಶ್ವವಿದ್ಯಾಲಯಕ್ಕೆಂದು ಅವರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಕೊಡಲು ಮುಂದೆ ಬಂದದ್ದು 1898ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಾನೂನಿನ ಪ್ರಕಾರ ಹುಟ್ಟಿದ್ದು 1909ರಲ್ಲಿ. ನಡುವೆ 1904ರಲ್ಲಿ ದಾನಿಯೇ ತೀರಿಕೊಂಡರು. ಕೊಡುವ ಕೈ ಸಿದ್ಧವಿದ್ದೂ ಹನ್ನೊಂದು ವರ್ಷ ಯಾಕೆ ಹಿಡಿಯಿತು? ಈ ವಿಳಂಬದ ಕಾರಣವನ್ನು ಹುಡುಕುತ್ತ ಹೋದರೆ, ಟಾಟಾ ಅವರ ನಿಜವಾದ ಕೊಡುಗೆ ಹಣಕ್ಕಿಂತ ದೊಡ್ಡದು ಎಂಬುದು ತಿಳಿಯುತ್ತದೆ. ಒಂದು ವಿದ್ಯಾಸಂಸ್ಥೆಗೆ ಒಬ್ಬನೇ ಒಡೆಯ ಇರಬಾರದು, ಪಾಲುದಾರರಿರಬೇಕು ಎಂದು ಅವರು ಪಟ್ಟು ಹಿಡಿದರು. ಆ ಪಟ್ಟೇ ಸಂಸ್ಥೆಯನ್ನು ತಡಮಾಡಿತು, ಅದೇ ಉಳಿಸಿತು ಕೂಡ ಎಂಬುದು ನನ್ನ ವಾದ.

ಜಮ್‌ಶೆಟ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ವ್ಯಾಪಾರಕ್ಕೆ ಇಳಿದವರು ತಂದೆ ನಸರ್ವಾನ್‌ಜಿ. ಮಗ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಹಾಂಗ್‌ಕಾಂಗ್‌ನಲ್ಲಿ ವ್ಯಾಪಾರ ಕಲಿತರು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಗಗನಕ್ಕೇರಿದ್ದ ಹತ್ತಿಯ ಬೆಲೆ 1865ರಲ್ಲಿ ಕುಸಿದು ಮುಂಬಯಿಯ ವರ್ತಕರನೇಕರು ಮುಳುಗಿದ್ದನ್ನು ಅವರು ಹತ್ತಿರದಿಂದ ಕಂಡರು. 1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ ತೆರೆದರು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಆರಂಭವಾಯಿತು. ಹೆಚ್ಚಿನ ಗಿರಣಿಗಳು ಮುಂಬಯಿಯಲ್ಲಿ ಗುಂಪುಗೂಡಿದ್ದಾಗ ಹತ್ತಿ ಬೆಳೆಯುವ ಸೀಮೆಗೇ ಗಿರಣಿಯನ್ನು ಒಯ್ದದ್ದು ಅವರ ಲೆಕ್ಕಾಚಾರ. ಅಲ್ಲಿಯೇ 1886ರಲ್ಲಿ ಕಾರ್ಮಿಕರಿಗೆ ಪಿಂಚಣಿ ನಿಧಿಯನ್ನೂ ಏರ್ಪಡಿಸಿದರು. 1892ರಲ್ಲಿ ಹೊರದೇಶದಲ್ಲಿ ಓದುವವರಿಗೆಂದು ಅವರು ಸ್ಥಾಪಿಸಿದ ನಿಧಿಯ ಸ್ವರೂಪವನ್ನು ಗಮನಿಸಬೇಕು. ಅದು ಪುಕ್ಕಟೆ ಹಣವಲ್ಲ, ಸಾಲ. ಓದಿ ದುಡಿಯತೊಡಗಿದವರು ಹಿಂದಿರುಗಿಸಿದರೆ ಮುಂದಿನವರಿಗೆ ಅದು ದಾರಿಯಾಗುತ್ತಿತ್ತು. ಬಂಡವಾಳ ಕರಗಬಾರದು, ತಿರುಗುತ್ತಿರಬೇಕು ಎಂಬ ವರ್ತಕನ ವಿವೇಕವೇ ಇಲ್ಲಿ ದಾನದ ನಿಯಮವಾಯಿತು.

ಆದರೆ ಕೆಲವರನ್ನು ಹಡಗು ಹತ್ತಿಸಿ ಕಳಿಸಿದರೆ ಸಾಲದು, ಜ್ಞಾನ ಇಲ್ಲಿಯೇ ಹುಟ್ಟಬೇಕು ಎಂಬ ಯೋಚನೆ ಆ ದಶಕದಲ್ಲಿ ಅವರಲ್ಲಿ ಬಲಿಯಿತು. 1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೋಗುವ ಹಡಗಿನಲ್ಲಿ ಸ್ವಾಮಿ ವಿವೇಕಾನಂದರು ಅವರ ಸಹಪ್ರಯಾಣಿಕರಾಗಿದ್ದರು. ಐದು ವರ್ಷಗಳ ನಂತರ, 1898ರ ನವೆಂಬರ್ 23ರಂದು, ಟಾಟಾ ಸ್ವಾಮಿಗಳಿಗೆ ಪತ್ರ ಬರೆದು ತಮ್ಮ ಯೋಜನೆಗೆ ಬೆಂಬಲ ಕೋರಿದರು. ಅವರ ಆಪ್ತ ಬುರ್ಜೋರ್‌ಜಿ ಪಾದಶಾ ಹೊರದೇಶದ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ಕರಡು ಸಿದ್ಧಪಡಿಸಿದರು. ವರ್ಷದ ಕೊನೆಗೆ ಅದು ಆಗತಾನೆ ಬಂದಿಳಿದಿದ್ದ ವೈಸ್‌ರಾಯ್ ಕರ್ಜನ್ ಮುಂದೆ ಹೋಯಿತು. ಕರ್ಜನ್‌ಗೆ ಎರಡು ಅನುಮಾನ: ಇಂಥ ಓದಿಗೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ? ಜೊತೆಗೆ ಹಣದ ಪ್ರಶ್ನೆಯೂ ಎದ್ದಿತು. ಟಾಟಾ ತಮ್ಮ ಪಾಲನ್ನು ಕೊಡುತ್ತಿದ್ದರು, ಸರ್ಕಾರವೂ ತನ್ನ ಪಾಲನ್ನು ಹಾಕಬೇಕೆಂದು ಬಯಸಿದ್ದರು. ಸರ್ಕಾರ ತಜ್ಞರನ್ನು ಕರೆಸಿತು. ಮೊದಲು ಲಂಡನ್ನಿನ ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆ ಬಂದು ಹಲವು ಊರು ಸುತ್ತಿ ಬೆಂಗಳೂರೇ ಸೂಕ್ತ ಎಂದರು. ಅನಂತರ ಮೆಲ್ಬರ್ನ್‌ನ ಪ್ರಾಧ್ಯಾಪಕ ಮ್ಯಾಸನ್ ಮತ್ತು ರೂರ್ಕಿ ಕಾಲೇಜಿನ ಕ್ಲಿಬರ್ನ್ ಮತ್ತೆ ಪರಿಶೀಲನೆ ನಡೆಸಿದರು. ಕಡತಗಳು ಓಡಾಡಿದವು, ವರ್ಷಗಳು ಉರುಳಿದವು.

ಈ ಎಳೆದಾಟದ ನಡುವೆ ಗಟ್ಟಿಯಾಗಿ ಮುಂದೆ ಬಂದದ್ದು ಮೈಸೂರು ಸಂಸ್ಥಾನ. ಅದಕ್ಕೆ ಟಾಟಾ ಅಪರಿಚಿತರಾಗಿರಲಿಲ್ಲ. ಜಪಾನೀ ಪದ್ಧತಿಯ ರೇಷ್ಮೆ ಸಾಕಣೆಯನ್ನು ಅವರು ಬೆಂಗಳೂರಿನಲ್ಲಿ ಆರಂಭಿಸಿದ್ದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ರಾಜಪ್ರತಿನಿಧಿ ವಾಣಿವಿಲಾಸ ಸನ್ನಿಧಾನದ ಆಡಳಿತದಲ್ಲಿ ಮಾತು ಬೆಳೆಯಿತು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ನಡೆಸಿಕೊಟ್ಟರು. ಸಂಸ್ಥಾನ ಕೊಟ್ಟದ್ದು 371 ಎಕರೆ ಭೂಮಿ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಮೇಲೆ ವರ್ಷಕ್ಕೆ 50,000 ರೂಪಾಯಿ. ಟಾಟಾ ಅವರ ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ತಂದೆಯ ಮಾತಿಗೆ ತಪ್ಪಲಿಲ್ಲ. 1909ರ ಮೇ 27ರಂದು ಸರ್ಕಾರದ ಆದೇಶ ಹೊರಬಿತ್ತು. ಮೊದಲ ನಿರ್ದೇಶಕರು ಮೋರಿಸ್ ಟ್ರಾವರ್ಸ್. 1911ರ ಜುಲೈನಲ್ಲಿ ರಸಾಯನಶಾಸ್ತ್ರ ಮತ್ತು ವಿದ್ಯುತ್ ವಿಭಾಗಗಳಿಗೆ ಮೊದಲ ತಂಡದ ವಿದ್ಯಾರ್ಥಿಗಳು ಸೇರಿದರು.

ಇಲ್ಲಿ ಒಂದು ಆಕ್ಷೇಪ ಸಹಜ. ನೆಲ ಮೈಸೂರಿನದು, ಅನುದಾನದಲ್ಲಿ ಸರ್ಕಾರಗಳ ಪಾಲಿದೆ; ಹಾಗಿದ್ದಮೇಲೆ ಕೀರ್ತಿ ಟಾಟಾಗೆ ಯಾಕೆ? ಈ ಆಕ್ಷೇಪ ನ್ಯಾಯವಾದದ್ದೇ, ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಕೀರ್ತಿ ಹಂಚಿಹೋಗಲಿ ಎಂಬುದೇ ದಾನಿಯ ಇಷ್ಟವಾಗಿತ್ತು. ಸಂಸ್ಥೆಗೆ ತಮ್ಮ ಹೆಸರನ್ನು ಅವರು ಬಯಸಲಿಲ್ಲ, ಇಂದಿಗೂ ಅದು ಅಧಿಕೃತವಾಗಿ ಅವರ ಹೆಸರಿನಲ್ಲಿಲ್ಲ. ಒಬ್ಬರ ಹೆಸರು ಹೊತ್ತ ಮನೆಗೆ ಇನ್ನೊಬ್ಬರು ಗೋಡೆ ಕಟ್ಟಿಸುವುದು ಕಷ್ಟ ಎಂಬುದು ವ್ಯವಹಾರ ಬಲ್ಲವರಿಗೆ ಗೊತ್ತಿರುತ್ತದೆ. 30 ಲಕ್ಷವನ್ನೇ ನೆಚ್ಚಿಕೊಂಡು ತಕ್ಷಣ ಬಾಗಿಲು ತೆರೆದಿದ್ದರೆ, ಸಂಸ್ಥೆಯ ಗತಿ ಒಂದು ಮನೆತನದ ಏಳುಬೀಳಿಗೆ ಕಟ್ಟುಬೀಳುತ್ತಿತ್ತು. 1865ರ ಕುಸಿತವನ್ನು ಕಂಡವರಿಗೆ ಆ ಅಪಾಯ ಊಹೆಯದಾಗಿರಲಿಲ್ಲ.

ಎರಡನೆಯ ಆಕ್ಷೇಪ ಹಣದ ಮೂಲದ್ದು. 1868ರ ಅಬಿಸೀನಿಯಾ ದಂಡಯಾತ್ರೆಗೆ ಸಾಮಗ್ರಿ ಪೂರೈಸುವ ಗುತ್ತಿಗೆಯಲ್ಲಿ ಟಾಟಾ ಕುಟುಂಬಕ್ಕೆ ಪಾಲಿತ್ತು, ಲಾಭವೂ ಬಂತು. ಸಾಮ್ರಾಜ್ಯದ ಯುದ್ಧದಿಂದ ಬಂದ ಹಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದಾನ ಹಿಂದಿನದನ್ನು ತೊಳೆಯುತ್ತದೆ ಎಂದೂ ನಾನು ಹೇಳುತ್ತಿಲ್ಲ. ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯ ಪಕ್ಕದಲ್ಲಿ, ಅದು ಯಾರ ಹಿಡಿತಕ್ಕೆ ಹೋಯಿತು ಎಂಬುದನ್ನೂ ಕೇಳಬೇಕು ಎನ್ನುತ್ತೇನೆ. ಇಲ್ಲಿ ಅದು ಕುಟುಂಬದ ಕೈಬಿಟ್ಟು ಸಾರ್ವಜನಿಕ ವ್ಯವಸ್ಥೆಗೆ ಸೇರಿತು. ಮೂರನೆಯ ಆಕ್ಷೇಪ ಇನ್ನೂ ಹರಿತವಾದದ್ದು: ಬರ ಮತ್ತು ಪ್ಲೇಗು ದೇಶವನ್ನು ಹಿಂಡುತ್ತಿದ್ದಾಗ, ಅಕ್ಷರ ಬಲ್ಲವರೇ ವಿರಳವಾಗಿದ್ದಾಗ, ಕೆಲವರ ಸಂಶೋಧನೆಗೆ ಇಷ್ಟು ಹಣ ಯಾಕೆ? ಇದಕ್ಕೆ ಉತ್ತರ ನಮ್ಮ ಕಾಡಿನಲ್ಲೇ ಇದೆ. ಮೈಸೂರಿನ ಶ್ರೀಗಂಧ ಕೊರಡಾಗಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ಮಾರುಕಟ್ಟೆಯನ್ನು ಮುಚ್ಚಿತು. ಆಗ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಇಲ್ಲೇ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ಎದ್ದವು. 1944ರಲ್ಲಿ ಶಿವಮೊಗ್ಗಕ್ಕೂ ಗಂಧದೆಣ್ಣೆ ಕಾರ್ಖಾನೆ ಬಂತು. ಕೆಲಸ ಎಲ್ಲಿದೆ ಎಂಬ ಕರ್ಜನ್ ಪ್ರಶ್ನೆಗೆ, ಕೆಲಸವನ್ನು ಹುಟ್ಟಿಸಿಯೇ ಸಂಸ್ಥೆ ಉತ್ತರ ಕೊಟ್ಟಿತು.

ಭದ್ರಾವತಿಯ ನ್ಯೂ ಟೌನಿನವರಿಗೆ ಈ ಚರಿತ್ರೆ ದೂರದ್ದಲ್ಲ. 1923ರಲ್ಲಿ ಇಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿದ್ದು ಸಂಸ್ಥಾನದ ಕಾರ್ಖಾನೆ. ಅದನ್ನು ಕಟ್ಟಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು ಮುಂದೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರೂ ಆದರು. ಸರ್ಕಾರದ ಉದ್ಯಮ, ಖಾಸಗಿ ಉದ್ಯಮ ಎಂಬ ಗೆರೆ ಆ ತಲೆಮಾರಿಗೆ ಬೇಲಿಯಾಗಿರಲಿಲ್ಲ. ನಮ್ಮದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ. ಅದು ಸರ್ಕಾರದ್ದು, ಸರ್ಕಾರವೇ ನೋಡಿಕೊಳ್ಳಲಿ ಎಂದು ಉಳ್ಳವರು ಸುಮ್ಮನಿರುವುದೂ, ಕೊಟ್ಟರೆ ಕಟ್ಟಡದ ಮೇಲೆ ಹೆಸರು ಬೇಕೆನ್ನುವುದೂ ಟಾಟಾ ಅವರ ದಾರಿಯಲ್ಲ. ಪ್ರಯೋಗಾಲಯದ ವರ್ಷದ ಖರ್ಚಿಗೆ, ಸಂಶೋಧನಾ ವಿದ್ಯಾರ್ಥಿಯ ವೇತನಕ್ಕೆ, ಸರ್ಕಾರವೂ ಅಷ್ಟೇ ಹಾಕಲಿ ಎಂಬ ಷರತ್ತಿನೊಂದಿಗೆ ಕೊಡುವ ದಾನಕ್ಕೆ ಸದ್ದು ಕಡಿಮೆ. ಆದರೆ ಕೊಟ್ಟವರ ಕಾಲ ಮುಗಿದ ಮೇಲೂ ವಿಶ್ವವಿದ್ಯಾಲಯವೊಂದು ನಡೆಯುವುದು ಅಂಥ ಹಣದಿಂದಲೇ.