ಜಾಮೀನು ಎಂದರೆ ಬಿಡುಗಡೆಯಲ್ಲ, ಹೊಣೆ



ಭಾಷೆ ಕಲಿಸುವ ಶಿಕ್ಷಕನಾದ್ದರಿಂದ ಒಂದು ಪದದಿಂದಲೇ ಆರಂಭಿಸುತ್ತೇನೆ. ಕನ್ನಡದ 'ಜಾಮೀನು' ಅರಬ್ಬಿ ಮೂಲದ ಪದ. ಉರ್ದುವಿನಲ್ಲಿ 'ಜಾಮಿನ್' ಎಂದರೆ ಮತ್ತೊಬ್ಬರಿಗಾಗಿ ಹೊಣೆ ನಿಲ್ಲುವವನು. ಪದದಲ್ಲೇ ಅದರ ಅರ್ಥವಿದೆ. ಆದರೆ ನಾವು ಏನು ಮಾಡುತ್ತೇವೆ? ಜಾಮೀನು ಸಿಕ್ಕಿತೆಂದರೆ 'ಕೇಸು ಬಿದ್ದುಹೋಯಿತು' ಎನ್ನುತ್ತೇವೆ. ಸಿಗಲಿಲ್ಲವೆಂದರೆ 'ಅಪರಾಧ ಮಾಡಿಯೇ ಇರಬೇಕು' ಎನ್ನುತ್ತೇವೆ. ಎರಡೂ ತಪ್ಪು. ವಿಚಾರಣೆಯ ದಿನ ಆರೋಪಿ ತಪ್ಪದೆ ಬರುತ್ತಾನೆ, ಸಾಕ್ಷಿಗಳನ್ನು ಹೆದರಿಸುವುದಿಲ್ಲ ಎಂಬ ಭರವಸೆಯೇ ಜಾಮೀನು. ಅಪರಾಧಿ ಹೌದೋ ಅಲ್ಲವೋ ಎಂಬುದು ತೀರ್ಪಿನ ದಿನದ ಮಾತು.

ಸಣ್ಣ ಆರೋಪಗಳಲ್ಲಿ ಇದನ್ನು ಎಲ್ಲರೂ ಒಪ್ಪುತ್ತಾರೆ. ಕಷ್ಟ ಬರುವುದು ಆರೋಪ ಘೋರವಾಗಿದ್ದಾಗ. ನಮ್ಮವರದೇ ಒಂದು ಉದಾಹರಣೆ ನೋಡೋಣ.

ಬೆಂಗಳೂರಿನಲ್ಲಿ ಓದಿದ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿದ್ದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ಹಸುಗೂಸು ಮಗಳನ್ನು ನೋಡಲು ಊರಿಗೆ ಹೊರಟಿದ್ದ ಹನೀಫ್‌ರನ್ನು ಜುಲೈ 2ರಂದು ಬ್ರಿಸ್ಬೇನ್‌ನಲ್ಲಿ ಬಂಧಿಸಲಾಯಿತು. ಆರೋಪವಿಲ್ಲದೆಯೇ 12 ದಿನ ಇರಿಸಿಕೊಂಡ ಮೇಲೆ, ಭಯೋತ್ಪಾದನೆಗೆ ನೆರವಾದ ಆರೋಪ ಹೊರಿಸಿದರು. ಆಧಾರ? 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಸಂಬಂಧಿಕರೊಬ್ಬರಿಗೆ ಕೊಟ್ಟುಬಂದಿದ್ದ ಒಂದು ಸಿಮ್ ಕಾರ್ಡ್!

ಇಂತಹ ಆರೋಪದಲ್ಲಿ ಅಸಾಧಾರಣ ಕಾರಣಗಳಿದ್ದರೆ ಮಾತ್ರ ಜಾಮೀನು ಎಂಬುದು ಅಲ್ಲಿನ ಕಾನೂನು. ಆದರೂ ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಅವರು ಆರೋಪದ ಹೆಸರಿಗೆ ಬೆದರದೆ ಆಧಾರವನ್ನು ತೂಗಿ ನೋಡಿದರು. ಜುಲೈ 16ರಂದು 10,000 ಡಾಲರ್ ಹೊಣೆಯ ಮೇಲೆ ಜಾಮೀನು ಕೊಟ್ಟರು. ಅದೇ ದಿನ ಸರ್ಕಾರ ಅವರ ವೀಸಾ ರದ್ದು ಮಾಡಿತು, ಹನೀಫ್ ಹೊರಬರಲಾಗಲಿಲ್ಲ. ದಾಳಿಯ ಜೀಪಿನಲ್ಲೇ ಆ ಸಿಮ್ ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದ್ದು ಸುಳ್ಳೆಂದು ಬಯಲಾಯಿತು, ಅದಿದ್ದದ್ದು ಲಿವರ್‌ಪೂಲ್‌ನಲ್ಲಿ. ಜುಲೈ 27ರಂದು ಆರೋಪವನ್ನೇ ಹಿಂತೆಗೆದುಕೊಂಡರು. ಮುಂದೆ 2010ರಲ್ಲಿ ಅವರಿಗೆ ಪರಿಹಾರವೂ ಸಿಕ್ಕಿತು. ಆರೋಪ ದೊಡ್ಡದಾದಷ್ಟೂ ಆಧಾರವನ್ನು ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ಈಗ ನಮ್ಮ ದೇಶಕ್ಕೆ ಬರೋಣ. ಜಾಮೀನು ನಿಯಮ, ಜೈಲು ಅಪವಾದ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1977ರಲ್ಲೇ ಸಾರಿದರು. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಕೆಳ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿತ್ತು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಹೊಣೆಯನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ಬಡತನ ಜೈಲಿಗೆ ಕಾರಣವಾಗಬಾರದಲ್ಲವೇ?

ಯುಎಪಿಎಯಂತಹ ಕಾಯ್ದೆಗಳಲ್ಲಿ ದಾರಿ ಕಿರಿದು. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಇಲ್ಲ. ಆದರೂ ವಿಚಾರಣೆ ಬೇಗ ಮುಗಿಯುವ ಸಂಭವವಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿದ್ದರೆ ಉನ್ನತ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

'ಹಾಗಾದರೆ ನೊಂದವರ ಗತಿ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಓಡಿಹೋಗುವ, ಸಾಕ್ಷಿಗಳನ್ನು ಬೆದರಿಸುವ ಭಯ ನಿಜವಾಗಿದ್ದರೆ ಜಾಮೀನು ನಿರಾಕರಿಸಲೇಬೇಕು. ಷರತ್ತು ಮುರಿದರೆ ರದ್ದು ಮಾಡಲೂಬೇಕು. ಆರೋಪಿ ನಮ್ಮ ಮೊಹಲ್ಲಾದವನಾದರೂ, ನೊಂದವರು ಬೇರೆಯವರಾದರೂ ಈ ಮಾತು ಬದಲಾಗಬಾರದು. ನೊಂದವರಿಗೆ ಬೇಕಾದದ್ದು ಬೇಗ ಮುಗಿಯುವ ವಿಚಾರಣೆ. ಹತ್ತು ವರ್ಷ ಎಳೆದ ಕೇಸಿನಿಂದ ಅವರಿಗೂ ನ್ಯಾಯವಿಲ್ಲ, ಕೊನೆಗೆ ನಿರ್ದೋಷಿಯೆಂದು ಹೊರಬಂದವನಿಗೂ ಇಲ್ಲ.

ವಿದ್ಯಾರ್ಥಿಗಳೇ, ಮೂರು ಮಾತು ನೆನಪಿಡಿ. ಒಂದು, ಸಾಮಾನ್ಯ ಕಾನೂನಿನಲ್ಲಿ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ಯುಎಪಿಎಯಲ್ಲಿ ಈ ಅವಧಿಯನ್ನು 180 ದಿನಕ್ಕೆ ಹೆಚ್ಚಿಸಬಹುದು. ಕೇಳದೆ ಕುಳಿತರೆ ಹಕ್ಕು ಕೈತಪ್ಪುತ್ತದೆ. ಎರಡು, ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡುವ 1987ರ ಕಾಯ್ದೆ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. ಮೂರು, ಹೊಣೆ ನಿಲ್ಲುವವರಿಲ್ಲದೆ ಆದೇಶವಾದ ಮೇಲೂ ಒಳಗೇ ಉಳಿಯುವ ಬಡವರಿದ್ದಾರೆ. ಪಹಣಿ ಹಿಡಿದು ಕೋರ್ಟಿಗೆ ಹೋಗಲು ನಾವು ಹಿಂಜರಿದರೆ 'ಜಾಮಿನ್' ಎಂಬ ಪದಕ್ಕೇನು ಬೆಲೆ?

ಈ ವರ್ಷ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸುವ ನಿಮ್ಮಲ್ಲಿ ಕೆಲವರಾದರೂ ಕಾನೂನು ಓದಿರಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್. ಜೈ ಹಿಂದ್.