ಕುಕ್ಕರ್ ಕೂಗಿದರೆ ಎದ್ದು ಬರುವ ನಾಯಿ

ಮೈಸೂರಿನ ಹೆಬ್ಬಾಳದಲ್ಲಿ ಇಂದು ಆರಂಭವಾಗುತ್ತಿರುವ ಈ ವಿಚಾರ ಸಂಕಿರಣದ ಮುಂದೆ ಒಂದು ನೇರ ಪ್ರಶ್ನೆಯಿದೆ: ಕರ್ನಾಟಕದಲ್ಲಿ ಸೇವಾ ನಾಯಿಗಳ ತರಬೇತಿ ಬೇರೂರಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಸೇವಾ ನಾಯಿ ಎಂದೊಡನೆ ನೆನಪಾಗುವುದು ಅಂಧರಿಗೆ ದಾರಿ ತೋರುವ ನಾಯಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ತೆರೆಯಿತು. 1927ರಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದ ಡೊರೊಥಿ ಯೂಸ್ಟಿಸ್ ಆ ಕೆಲಸದ ಬಗ್ಗೆ ಬರೆದ ಲೇಖನ ಅಮೆರಿಕದ ನ್ಯಾಶ್‌ವಿಲ್‌ನ ಅಂಧ ಯುವಕ ಮಾರಿಸ್ ಫ್ರಾಂಕ್‌ಗೆ ತಲುಪಿತು. ಆತ ಸ್ವಿಟ್ಜರ್ಲೆಂಡ್‌ಗೆ ಹೋಗಿ ತರಬೇತಿ ಪಡೆದು, 1928ರಲ್ಲಿ ‘ಬಡ್ಡಿ’ ಎಂಬ ನಾಯಿಯೊಂದಿಗೆ ಮರಳಿದ. ನ್ಯೂಯಾರ್ಕ್‌ನಲ್ಲಿ ಪತ್ರಕರ್ತರ ಕಣ್ಣೆದುರೇ ವಾಹನ ದಟ್ಟಣೆಯ ರಸ್ತೆ ದಾಟಿದ. ಮರುವರ್ಷವೇ ‘ದಿ ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು.

ಇಂದು ಆ ತರಬೇತಿ ನಡೆಯುವ ಬಗೆ ಹೀಗಿದೆ. ಎರಡು ತಿಂಗಳ ಮರಿ ಮೊದಲು ಒಂದು ಕುಟುಂಬದಲ್ಲಿ ಬೆಳೆಯುತ್ತದೆ. ಅಂಗಡಿ, ಬಸ್ಸು, ಮೆಟ್ಟಿಲು, ಮಕ್ಕಳ ಗದ್ದಲ ಎಲ್ಲವೂ ಅದಕ್ಕೆ ಮಾಮೂಲಾಗಬೇಕು. ಒಂದು ವರ್ಷ ದಾಟಿದ ಮೇಲೆ ತಿಂಗಳುಗಟ್ಟಲೆ ವೃತ್ತಿ ತರಬೇತಿ, ಕೊನೆಗೆ ಒಡೆಯನ ಜೊತೆ ಕೆಲವು ವಾರಗಳ ಜೋಡಿ ತರಬೇತಿ. ಎಲ್ಲಿಗೆ ಹೋಗಬೇಕೆಂಬುದು ನಾಯಿಗೆ ಗೊತ್ತಿರುವುದಿಲ್ಲ. ದಾರಿಯ ನಕ್ಷೆ ಇರುವುದು ಮನುಷ್ಯನ ತಲೆಯಲ್ಲಿ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಹೇಳುವವನು ಅವನೇ. ಫುಟ್‌ಪಾತ್ ಮುಗಿಯುವಲ್ಲಿ ನಿಲ್ಲುವುದು, ತಲೆಗೆ ತಾಗುವ ಕೊಂಬೆಯನ್ನು ಬಳಸಿ ಹೋಗುವುದು ನಾಯಿಯ ಪಾಲಿನ ಕೆಲಸ. ಎದುರಿಗೆ ಕಾರು ಬರುತ್ತಿರುವಾಗ ‘ಮುಂದೆ ನಡೆ’ ಎಂದರೂ ಅದು ಕದಲಬಾರದು. ಮಾತು ಕೇಳುವುದನ್ನು ಕಲಿಸಿದ ಮೇಲೆ, ಯಾವಾಗ ಕೇಳಬಾರದು ಎಂಬುದನ್ನೂ ಕಲಿಸಬೇಕು. ತರಬೇತಿಯಲ್ಲಿ ಅತ್ಯಂತ ಕಠಿಣ ಪಾಠ ಇದೇ.

ಇಂಥ ನಾಯಿಯನ್ನು ನಮ್ಮ ರಸ್ತೆಗಿಳಿಸಿದರೆ ಏನಾದೀತು?

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತನ್ನು ಊಹಿಸಿಕೊಂಡರೆ ಸಾಕು. ಒಂದರ ಹಿಂದೊಂದು ಕಂಪನಿ ಬಸ್ಸು, ಎರಡೂ ಬದಿಯಿಂದ ನುಗ್ಗುವ ಬೈಕು. ನಮ್ಮ ನಗರಗಳ ಫುಟ್‌ಪಾತ್ ಒಂದೆಡೆ ಇದ್ದರೆ ಇನ್ನೊಂದೆಡೆ ಇರುವುದಿಲ್ಲ. ಅದರ ಅಂಚನ್ನೇ ನಂಬಿ ನಡೆಯುವ ನಾಯಿಗೆ ಆಧಾರವೇ ತಪ್ಪುತ್ತದೆ. ಮೇಲಾಗಿ ಪ್ರತಿ ಬೀದಿಯಲ್ಲೂ ತಮ್ಮ ಗಡಿ ಕಾಯುವ ನಾಯಿಗಳ ಗುಂಪು. ಮೈಗೆ ಪಟ್ಟಿ ಕಟ್ಟಿಕೊಂಡು ಕೆಲಸದಲ್ಲಿರುವ ನಾಯಿ ತಿರುಗಿ ಬೀಳುವಂತಿಲ್ಲ, ಓಡುವಂತೆಯೂ ಇಲ್ಲ. ಅಂಧರಿಗೆ ನಾಯಿ ಬೇಡ ಎಂಬುದು ಇದರ ಅರ್ಥವಲ್ಲ. ಅದಕ್ಕೆ ಮುಂಚೆ ರಸ್ತೆ ಸರಿಯಾಗಬೇಕು, ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಬಿಡುವಿಲ್ಲದೆ ನಡೆಯಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮನೆಯೊಳಗೆ ಕೆಲಸ ಮಾಡುವ ನಾಯಿಯಿಂದ, ಅಂದರೆ ಕಿವಿ ಕೇಳದವರಿಗೆ ನೆರವಾಗುವ ನಾಯಿಯಿಂದ, ಮೈಸೂರು ಈಗಲೇ ಶುರು ಮಾಡಬಹುದು. ಈ ಭಾಷಣದ ಆಶಯ ಇದು.

ಬ್ರಿಟನ್ನಿನಲ್ಲಿ ಇಂಥ ನಾಯಿಗಳ ಸಂಸ್ಥೆ 1982ರಿಂದ ಇದೆ. ಅಮೆರಿಕದ ಆರೆಗಾನ್‌ನಲ್ಲಿ 1977ರಲ್ಲಿ ಶುರುವಾದ ಸಂಸ್ಥೆ, ಅನಾಥ ನಾಯಿಗಳ ಆಶ್ರಯತಾಣಗಳಿಂದಲೇ ಚುರುಕಾದವುಗಳನ್ನು ಆರಿಸಿ ತರಬೇತಿ ಕೊಟ್ಟಿತು. ಇಲ್ಲಿ ತಳಿಯ ಹೆಸರು ಮುಖ್ಯವಲ್ಲ. ಸದ್ದಿಗೆ ಕಿವಿ ನಿಮಿರಬೇಕು, ಹೆದರಬಾರದು, ಜನರ ಒಡನಾಟ ಬೇಕೆನಿಸಬೇಕು. ಈ ಗುಣಗಳು ನಮ್ಮ ನಾಡನಾಯಿ ಮರಿಗಳಲ್ಲೂ ಹೇರಳವಾಗಿವೆ.

ತರಬೇತಿ ನಡೆಯುವುದು ಹೀಗೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿನ ಧ್ವನಿಮುದ್ರಣವನ್ನು ಸಣ್ಣಗೆ ಹಾಕುತ್ತಾರೆ. ನಾಯಿ ಒಲೆಯ ಕಡೆ ತಿರುಗಿದರೆ ತಿಂಡಿ. ಆಮೇಲೆ ತಿಂಡಿ ಸಿಗುವ ಜಾಗ ಬದಲಾಗುತ್ತದೆ: ಸದ್ದು ಕೇಳಿದೊಡನೆ ನಡುಮನೆಯಲ್ಲಿ ಕೂತವರ ಬಳಿ ಓಡಿಬಂದು ಮೊಣಕಾಲನ್ನು ಮೂತಿಯಿಂದ ಒತ್ತಬೇಕು. ಅವರು ‘ಎಲ್ಲಿ?’ ಎಂದು ಕೈಸನ್ನೆ ಮಾಡಿದಾಗ ಒಲೆಯವರೆಗೆ ಕರೆದೊಯ್ದರೆ ಮಾತ್ರ ಪಾಠ ಮುಗಿದಂತೆ. ಕರೆಗಂಟೆ, ಮಗುವಿನ ಅಳು, ಬೆಳಗಿನ ಅಲಾರಾಂ ಒಂದೊಂದನ್ನೂ ಹೀಗೆಯೇ ಕಲಿಸಬೇಕು. ಬೆಂಕಿಯ ಅಲಾರಾಂಗೆ ಪಾಠವೇ ಬೇರೆ. ಅಲ್ಲಿ ಸದ್ದಿನ ಕಡೆಗೆ ಕರೆದೊಯ್ಯುವುದು ಅಪಾಯ. ಹಾಗಾಗಿ ನಾಯಿ ಒಡೆಯರನ್ನು ಮುಟ್ಟಿ ಅಲ್ಲೇ ನೆಲಕ್ಕೆ ಒರಗುತ್ತದೆ.

ದೀಪ ಮಿನುಗುವ ಕರೆಗಂಟೆ, ದಿಂಬಿನಡಿ ಅದುರುವ ಅಲಾರಾಂ ಇರುವಾಗ ನಾಯಿ ಏಕೆ ಎಂದು ಕೇಳುವವರಿದ್ದಾರೆ. ದೀಪ ಕಾಣುವುದು ಅದು ಕಣ್ಣಿಗೆ ಬೀಳುವ ಕಡೆ ಇದ್ದಾಗ ಮಾತ್ರ. ನಾಯಿಯಾದರೋ ಹಿತ್ತಲಿಗೂ ಮಹಡಿಗೂ ಹುಡುಕಿಕೊಂಡು ಬರುತ್ತದೆ.

ಇದಕ್ಕೆ ಬೇಕಾದ ಜ್ಞಾನ ಈ ನೆಲದಲ್ಲೇ ಇದೆ. ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಶ್ರವಣ ತಜ್ಞರನ್ನು ರೂಪಿಸುತ್ತಿದೆ. ಬೆಂಗಳೂರಿನ ಬಳಿಯ ತರಳುವಿನಲ್ಲಿ ಸಿಆರ್‌ಪಿಎಫ್ ತನ್ನ ನಾಯಿಗಳನ್ನು ಮರಿಯಿಂದಲೇ ಬೆಳೆಸಿ ಪಳಗಿಸುತ್ತದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ‘ರಾಣಾ’ ಎಂಬ ಜರ್ಮನ್ ಶೆಫರ್ಡ್ ಹುಲಿಯ ಜಾಡು ಹಿಡಿದು ಹೆಸರಾಗಿತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಓಡುವ ಬೇಟೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವ ಮುಧೋಳ ನಾಯಿ ಈ ಕೆಲಸಕ್ಕೆ ಸಹಜವಾಗಿ ಒಗ್ಗುವಂಥದ್ದಲ್ಲವಾದರೂ ಅಲ್ಲಿನ ತಜ್ಞರ ಅನುಭವ ದೊಡ್ಡ ಆಸ್ತಿ. ಕೊರತೆ ಇರುವುದು ಇವರೆಲ್ಲ ಒಂದೇ ಮೇಜಿನ ಸುತ್ತ ಕೂರದಿರುವುದರಲ್ಲಿ.

ಅಗತ್ಯವೇನೂ ಸಣ್ಣದಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಸುಮಾರು 13.24 ಲಕ್ಷ ವಿಶೇಷಚೇತನರಿದ್ದರು. ಅವರಲ್ಲಿ ಶ್ರವಣದೋಷವುಳ್ಳವರೇ ಎರಡು ಲಕ್ಷಕ್ಕೂ ಹೆಚ್ಚು. ಎಲ್ಲರಿಗೂ ನಾಯಿ ಬೇಕಿಲ್ಲ, ಎಲ್ಲರ ಮನೆಗೂ ಅದು ಒಗ್ಗುವುದಿಲ್ಲ. ಬೇಕೆನ್ನುವವರಿಗೆ ಸಿಗುವಂತಾಗಬೇಕು, ಅಷ್ಟೇ.

ಕಾನೂನಿನ ಮಾತೂ ಇಲ್ಲಿ ಬರಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು, ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕು ಎಂದಿತು. ಆದರೆ ಸೇವಾ ನಾಯಿಯೊಂದಿಗೆ ಬಂದವರನ್ನು ಹೋಟೆಲು, ಬಸ್ಸು, ಆಸ್ಪತ್ರೆಗಳು ಒಳಗೆ ಬಿಡಲೇಬೇಕೆಂದು ಅದು ಹೆಸರಿಟ್ಟು ಹೇಳಿಲ್ಲ. ಬಾಡಿಗೆ ಮನೆಯಲ್ಲಿ ನಾಯಿ ಸಾಕಬಾರದು ಎಂಬ ಕರಾರು ನಮ್ಮಲ್ಲಿ ಸಾಮಾನ್ಯ. ಮೊದಲ ಜೋಡಿ ತಯಾರಾಗುವ ಮುನ್ನವೇ ಈ ತೊಡಕಿಗೆ ಉತ್ತರ ಬೇಕು.

ಹಾಗಾಗಿ ಈ ಸಂಕಿರಣ ಮೂರು ಕೆಲಸ ಮುಗಿಸಿಕೊಡಲಿ ಎಂಬುದು ಕೋರಿಕೆ. ಮರಿಗಳ ಆಯ್ಕೆ ಮತ್ತು ಆರೋಗ್ಯ ತಪಾಸಣೆಯ ಮಾನದಂಡವನ್ನು ಪಶುವೈದ್ಯರು ಸಿದ್ಧಪಡಿಸಲಿ. ಪ್ರಮಾಣಪತ್ರ ಮತ್ತು ಪ್ರವೇಶದ ಹಕ್ಕಿನ ಕರಡನ್ನು ಕಾನೂನು ಬಲ್ಲವರು ರಾಜ್ಯ ಸರ್ಕಾರಕ್ಕೆ ಬರೆಯಲಿ. ನಾಯಿಗೆ ಯಾವ ಸದ್ದುಗಳನ್ನು ಕಲಿಸಬೇಕೆಂಬ ಪಟ್ಟಿಯನ್ನು ಮಾತ್ರ ಕೇಳುವ ಕಿವಿಯವರು ಬರೆಯುವುದು ಬೇಡ. ಮಧ್ಯಾಹ್ನದ ಗೋಷ್ಠಿಯಲ್ಲಿ ಸಂಜ್ಞಾ ಭಾಷೆಯ ದುಭಾಷಿಗಳ ನೆರವಿನಿಂದ ಕಿವುಡ ತಾಯಂದಿರು, ವಿದ್ಯಾರ್ಥಿಗಳು, ಒಂಟಿಯಾಗಿರುವ ಹಿರಿಯರೇ ಅದನ್ನು ಬರೆಯಲಿ. ತರಬೇತುದಾರರು ಆ ಪಟ್ಟಿಯಿಂದಲೇ ಕೆಲಸ ಶುರು ಮಾಡಲಿ.