ಮಾತು ತಡವಾದ ಮಗು ಮತ್ತು ಪಂಚಾಯಿತಿಯ ಶೇ. 5ರ ಅನುದಾನ

(ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟು ಮೊತ್ತವನ್ನು ವಿಕಲಚೇತನರ ಕಲ್ಯಾಣಕ್ಕೆ ಕಾಯ್ದಿರಿಸಬೇಕೆಂಬುದು ಎಲ್ಲ ಸದಸ್ಯರಿಗೂ ತಿಳಿದ ವಿಷಯ. ಆ ಮೊತ್ತ ಸಾಮಾನ್ಯವಾಗಿ ಖರ್ಚಾಗುವ ರೀತಿಯೂ ತಿಳಿದದ್ದೇ: ತ್ರಿಚಕ್ರ ವಾಹನ, ಊರುಗೋಲು, ಶ್ರವಣ ಸಾಧನ, ಇಲ್ಲವೇ ಮಾರ್ಚ್ ತಿಂಗಳಿನಲ್ಲಿ ಫಲಾನುಭವಿಗಳಿಗೆ ಸಮನಾಗಿ ಹಂಚಿದ ಚೆಕ್ಕು. ಈ ಪಟ್ಟಿಯಿಂದ ಬಹುಮಟ್ಟಿಗೆ ಹೊರಗುಳಿಯುವವರು ಆಟಿಸಂ, ಅಂದರೆ ಸ್ವಲೀನತೆಯುಳ್ಳ ಆರು ವರ್ಷದೊಳಗಿನ ಮಕ್ಕಳು. ಅವರಿಗೆ ಕೊಂಡುಕೊಡಬೇಕಾದ ಸಾಧನವೇನೂ ಇಲ್ಲ. ಬೇಕಾದದ್ದು ಮಾತಿನ, ಆಟದ, ನಡವಳಿಕೆಯ ತರಬೇತಿ; ಅದೂ ಎಳವೆಯಲ್ಲೇ, ತಪ್ಪದೆ.

ಹೆಸರು ಹಿಡಿದು ಕರೆದರೂ ತಿರುಗದ, ಬೇಕಾದ ವಸ್ತುವಿನತ್ತ ಬೆರಳು ತೋರದ, ಕಣ್ಣಿಗೆ ಕಣ್ಣು ಕೊಡದ, ಆಟಿಕೆ ಬಂಡಿಯನ್ನು ಓಡಿಸದೆ ಅದರ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುವ ಮಗುವಿನ ವಿಷಯದಲ್ಲಿ ಮನೆಯ ಹಿರಿಯರು ಹೇಳುವ ಸಮಾಧಾನ ಒಂದೇ: ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ಹಾಗೇ ಆಗಿತ್ತು. ಕೆಲವೊಮ್ಮೆ ಇದು ನಿಜವೂ ಆಗಿರುತ್ತದೆ. ಆದರೆ ಯಾವ ಮಗುವಿನ ವಿಷಯದಲ್ಲಿ ನಿಜ, ಯಾವುದರಲ್ಲಿ ಅಲ್ಲ ಎಂಬುದನ್ನು ಪರೀಕ್ಷೆಯಿಂದಲ್ಲದೆ ತಿಳಿಯಲಾಗದು. ಹರಕೆ ಹೊರುವುದಕ್ಕೆ ಯಾರ ಅಭ್ಯಂತರವೂ ಇಲ್ಲ. ಹರಕೆಯ ಜೊತೆಗೆ ಕಿವಿಯ ಪರೀಕ್ಷೆಯೂ ತಜ್ಞರ ತಪಾಸಣೆಯೂ ನಡೆಯಲಿ. ಅಟ್ಟಕ್ಕೇರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಕಾದರೆ ಒಳ್ಳೆಯ ಉಂಡೆ ಕೊಬ್ಬರಿಯಾಗುತ್ತದೆ. ಮಗುವಿನ ಎರಡನೆಯ, ಮೂರನೆಯ ವರ್ಷ ಹಾಗೆ ಕಾಯುವಂಥದ್ದಲ್ಲ. ಆಟಿಸಂ ರೋಗವಲ್ಲವಾದ್ದರಿಂದ ಅದನ್ನು ಗುಣಪಡಿಸುವ ಔಷಧವೂ ಇಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೇಳುವವರಿಂದ ಪೋಷಕರನ್ನು ದೂರವಿರಿಸುವುದೂ ಸದಸ್ಯರು ಮಾಡಬಹುದಾದ ಉಪಕಾರವೇ. ನೂರು, ನೂರಿಪ್ಪತ್ತೈದು ಮಕ್ಕಳಿಗೆ ಒಬ್ಬರಂತೆ ಇಂತಹ ಮಕ್ಕಳಿರುತ್ತಾರೆಂಬುದು ಜಾಗತಿಕ ಅಂದಾಜು. ಆ ಲೆಕ್ಕದಲ್ಲಿ ನೋಡಿದರೆ, ಒಬ್ಬರೂ ಇಲ್ಲದ ಗ್ರಾಮ ಪಂಚಾಯಿತಿ ಅಪರೂಪ.

ಕಾನೂನಿನಲ್ಲಿ ಕೊರತೆಯಿಲ್ಲ. 1995ರ ಅಧಿನಿಯಮದ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ವೈಕಲ್ಯಗಳಲ್ಲಿ ಅದೂ ಸೇರಿದೆ. ತಪಾಸಣೆಗೂ ಹಣವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಭೇಟಿ ನೀಡಬೇಕು. ತಂಡ ನೋಡಬೇಕಾದ ಸ್ಥಿತಿಗಳಲ್ಲಿ ಆಟಿಸಂ ಕೂಡ ಒಂದು. ಸಂದೇಹವಿದ್ದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಮಕ್ಕಳ ತಜ್ಞರು, ಮಾತು ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಕಡೆ ಇರಬೇಕೆಂಬುದು ಯೋಜನೆಯ ನಿಯಮ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಈ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಇದಲ್ಲದೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಹಣವನ್ನು ಮೊದಲು ಕುಟುಂಬವೇ ಕಟ್ಟಿ ನಂತರ ಮರುಪಾವತಿ ಪಡೆಯಬೇಕಾದ್ದರಿಂದ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ತಿಳಿಸಬೇಕು. ನಿರಾಮಯಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಆದರೆ ಪ್ರಮಾಣಪತ್ರ ಬರಲೆಂದು ತರಬೇತಿಯನ್ನು ತಡೆಹಿಡಿಯಬೇಕಾಗಿಲ್ಲ. ಎರಡೂ ಒಟ್ಟಿಗೇ ಸಾಗಬಹುದು.

ಇಷ್ಟೆಲ್ಲ ಇದ್ದೂ ತೊಡಕಾಗುವುದು ಹಳ್ಳಿ ಮತ್ತು ತುಮಕೂರಿನ ನಡುವಿನ ದಾರಿಯಲ್ಲಿ. ಹುಳಿಯಾರು ಹೋಬಳಿಯ ಒಂದು ತೋಟದ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ತಾಯಿ ಮಗುವನ್ನು ಎತ್ತಿಕೊಂಡು ಮುಖ್ಯ ರಸ್ತೆಗೆ ಬಂದು, ಹುಳಿಯಾರು ತಲುಪಿ, ಅಲ್ಲಿಂದ ತುಮಕೂರಿಗೆ ಹೋಗಿ, ಸರತಿಯಲ್ಲಿ ಕಾದು, ಮುಕ್ಕಾಲು ಗಂಟೆಯ ತರಬೇತಿ ಮುಗಿಸಿ ಮರಳುವಷ್ಟರಲ್ಲಿ ದಿನ ಕಳೆದಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ಟಿನ ಖರ್ಚಿಲ್ಲ, ನಿಜ. ಆದರೆ ಕೊಬ್ಬರಿ ಒಡೆಯುವ ಕೂಲಿ ಆ ದಿನ ತಪ್ಪುತ್ತದೆ. ಬಸ್ಸಿನ ಗದ್ದಲಕ್ಕೆ ಮಗು ಕಿವಿ ಮುಚ್ಚಿಕೊಂಡು ಅತ್ತರೆ ಸಹಪ್ರಯಾಣಿಕರ ಮಾತನ್ನೂ ಆ ತಾಯಿಯೇ ಕೇಳಬೇಕು. ಹೀಗೆ ಎರಡು ಸಲ ಹೋದವರು ಮೂರನೆಯ ಸಲ ಹೋಗದಿದ್ದರೆ ಅದನ್ನು ಪೋಷಕರ ಅಸಡ್ಡೆ ಎನ್ನುವುದು ನ್ಯಾಯವಲ್ಲ.

ಶೇ. 5ರ ಮೊತ್ತಕ್ಕೆ ಅರ್ಥಪೂರ್ಣ ಕೆಲಸವಿರುವುದು ಇಲ್ಲಿ. ಪಂಚಾಯಿತಿಯೊಂದರ ಸ್ವಂತ ಆದಾಯ 8 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಶೇ. 5 ಎಂದರೆ 40,000 ರೂಪಾಯಿ. ತಿಂಗಳಿಗೆ ಎರಡು ಪ್ರಯಾಣ, ಪ್ರತಿ ಪ್ರಯಾಣಕ್ಕೆ ಆಟೋ, ಊಟ ಹಾಗೂ ತಪ್ಪಿದ ಕೂಲಿಯ ಬಾಬ್ತು 400 ರೂಪಾಯಿ ಎಂದರೆ ಒಂದು ಮಗುವಿಗೆ ವರ್ಷಕ್ಕೆ 9,600 ರೂಪಾಯಿ. ಸಮನಾಗಿ ಹಂಚಿದ ಸಣ್ಣ ಚೆಕ್ಕಿಗಿಂತ ಇದು ದೊಡ್ಡದಾಗಿ ಕಾಣುವುದರಿಂದ ಇತರ ಫಲಾನುಭವಿಗಳು ಆಕ್ಷೇಪಿಸಬಹುದು. ಆದ್ದರಿಂದ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಮೊದಲೇ ಚರ್ಚಿಸಿ, 'ಚಿಕಿತ್ಸಾ ಪ್ರಯಾಣ ನೆರವು' ಎಂಬ ಪ್ರತ್ಯೇಕ ಬಾಬ್ತಾಗಿ ಕ್ರಿಯಾಯೋಜನೆಗೆ ಸೇರಿಸಿ, ಈ ಬಾಬ್ತಿಗೆ ಅನುಮತಿಯ ಅಗತ್ಯವಿದ್ದಲ್ಲಿ ತಾಲ್ಲೂಕು ಪಂಚಾಯಿತಿಯಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ಹಾಜರಾತಿ ಚೀಟಿ ನೋಡಿ ತಾಯಿಯ ಖಾತೆಗೆ ತಿಂಗಳು ತಿಂಗಳು ಜಮಾ ಮಾಡಿದರೆ ಲೆಕ್ಕಪರಿಶೋಧನೆಯಲ್ಲೂ ತೊಡಕಾಗದು.

ಮಕ್ಕಳನ್ನು ಗುರುತಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಒಂದೆಡೆ ಕುಳಿತು ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಹಂತಗಳೊಡನೆ ಮಕ್ಕಳನ್ನು ಹೋಲಿಸಿದರೆ ಅರ್ಧ ದಿನದಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಖಾಸಗಿ ನರ್ಸರಿಗೆ ಹೋಗುವ ಮಕ್ಕಳು ಆರೋಗ್ಯ ತಂಡದ ಕಣ್ಣಿಗೆ ಬೀಳದಿರುವ ಸಂಭವ ಹೆಚ್ಚು. ಅವರನ್ನು ಕೇಳಿ ಸೇರಿಸಬೇಕು. ಆರು ವರ್ಷ ತುಂಬಿದವರ ವಿಷಯವನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ತಿಳಿಸಿದರೆ ಸಮಗ್ರ ಶಿಕ್ಷಣದಡಿ ನೆರವು ಸಿಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಪಟ್ಟಿಯಲ್ಲಿರುವುದು ಸಂದೇಹವೇ ಹೊರತು ನಿರ್ಣಯವಲ್ಲ. ವಿಕಲಚೇತನರ ಸಮನ್ವಯ ಗ್ರಾಮ ಸಭೆಯಲ್ಲಿ ಮಕ್ಕಳ ಸಂಖ್ಯೆಯನ್ನು ಹೇಳಿದರೆ ಸಾಕು, ಹೆಸರು ಓದಬಾರದು. ಮನೆಯಲ್ಲಿ ಮದುವೆಗೆ ಬೆಳೆದ ಅಕ್ಕನೋ ಅತ್ತೆಯೋ ಇದ್ದರೆ ಮಗುವನ್ನು ಮುಚ್ಚಿಡುವ ಕುಟುಂಬಗಳುಂಟು. ಆ ಭಯವನ್ನು ಹಳಿಯುವುದಕ್ಕಿಂತ, ಮಹಿಳಾ ಸದಸ್ಯರೊಬ್ಬರು ಸಂಜೆಯ ಹೊತ್ತು ಮನೆಗೆ ಹೋಗಿ ತಾಯಿಯೊಡನೆ ಮಾತನಾಡುವುದು ಹೆಚ್ಚು ಫಲ ಕೊಡುತ್ತದೆ. ಮುಂದಿನ ಸಾಲಿನ ಕ್ರಿಯಾಯೋಜನೆ ಅಂತಿಮಗೊಳ್ಳುವ ಮುನ್ನ ಈ ಭೇಟಿಗಳು ಮುಗಿದಿದ್ದರೆ, ಎಷ್ಟು ಮಕ್ಕಳಿಗೆ ಎಷ್ಟು ಪ್ರಯಾಣ ಬೇಕೆಂಬ ಅಂಕಿ ಸ್ಥಾಯಿ ಸಮಿತಿಯ ಮುಂದೆ ಇರುತ್ತದೆ.